ಹಾಗಲಕಾಯಿ ಬುಟ್ಟಿಯವಳ ಬೆನ್ನು

ನಮ್ಮೂರಿನಲ್ಲಿ ಮನೆಗೆ ನೆಂಟರು ಬಂದರೆ ಒಳ್ಳೆಯ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಹಾಕುತ್ತಿದ್ದ ಕಾಲವೊಂದಿತ್ತು. ಬಂದವರು ನಮಗೆ ಬೆನ್ನು ಕೊಟ್ಟು ಕೂತು, ಗೋಡೆಯ ಸುಣ್ಣ ನೋಡುತ್ತಲೇ ಸುಖದುಃಖ ವಿಚಾರಿಸಿ, ಕುಡಿದ ಕಾಫಿ ಲೋಟವನ್ನು ಹಿಂದಕ್ಕೆ ಚಾಚಿ ಕೊಟ್ಟು ಎದ್ದು ಹೋಗುತ್ತಿದ್ದರು. ಅದು ಮರ್ಯಾದೆ. ದಾರಿಯಲ್ಲಿ ಸಿಕ್ಕವರು "ನಿಮ್ಮ ಬೆನ್ನು ನೋಡಿ ಎಷ್ಟು ದಿನ ಆಗಿತ್ತು!" ಎಂದು ಸಂತೋಷಪಡುತ್ತಿದ್ದರು. ಹೆಣ್ಣು ನೋಡಲು ಬಂದವರು ಜಡೆ, ಭುಜ, ನಡಿಗೆ ನೋಡಿ ಒಪ್ಪಿಗೆ ಹೇಳಿ ಹೋಗುತ್ತಿದ್ದರು. ಮುಖ ಮದುವೆಯಾದ ಮೇಲೆ ಹೇಗೂ ಕಾಣುತ್ತದಲ್ಲ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಾವು ಮೂವತ್ತೆಂಟು ವರ್ಷ ಹಾಗೆ ಬದುಕಿದೆವು, ನಗು ಬರಲಿಲ್ಲ. ಅದಕ್ಕೆ ಕಾರಣ ನಮ್ಮ ದೊಡ್ಡ ಚಾವಡಿಯ ಗೋಡೆ, ಮತ್ತು ಆ ಗೋಡೆಯ ಮೇಲೆ ಚಿತ್ರ ಬರೆದ ಲೋರಂಜ. ಆದರೆ ನಾನು ಈಗ ಹೇಳಬೇಕಾದದ್ದು ಲೋರಂಜನ ಕಥೆಯಲ್ಲ. ಅದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಹೇಳಬೇಕಾದದ್ದು ಒಂದು ಮೊಳೆಯ ವಿಷಯ.

ಲೋರಂಜ ಐನೂರು ವರ್ಷದ ಹಿಂದೆ ಕುದುರೆ ತಂದ ಹಡಗಿನವರ ಜೊತೆ ಬಂದವನು. ಅವನ ದೇಶದಲ್ಲಿ ಆಗ ಚಿತ್ರಗಾರರದೇ ಕಾಲವಂತೆ. ಗುಡಿಯ ಮಾಡು, ಅರಮನೆಯ ಗೋಡೆ ಎಲ್ಲವನ್ನೂ ಪೈಪೋಟಿಯ ಮೇಲೆ ಬರೆದು ತುಂಬಿಸುತ್ತಿದ್ದರಂತೆ. ಅಂಥ ಒಬ್ಬ ದೊಡ್ಡ ಗುರುವಿನ ಕೈಕೆಳಗೆ ಕಲಿತ ಇವನು ಯಾಕೆ ಊರು ಬಿಟ್ಟ, ಯಾಕೆ ಇಲ್ಲಿಯೇ ನಿಂತ ಎಂದು ಯಾರಿಗೂ ತಿಳಿಯದು. ತರಕಾರಿ ಮಾರುವ ಚಾವಡಿಯ ಉದ್ದನೆಯ ಗೋಡೆಗೆ ದಿನಕ್ಕೆ ಒಂದು ಮೊಳ ಹಸಿ ಸುಣ್ಣ ಬಳಿಸಿ, ಆರುವ ಮುಂಚೆ ಅದರ ಮೇಲೆ ಬಣ್ಣ ಹಾಕಿ, ಏಳು ವರ್ಷದಲ್ಲಿ ನೂರ ನಲವತ್ತಮೂರು ಜನರನ್ನು ಬರೆದ. ಒಬ್ಬ ರಾಜನಿಲ್ಲ, ಒಬ್ಬ ದೇವರಿಲ್ಲ. ಅಂಗಾಲಿನ ಮುಳ್ಳು ತೆಗೆದುಕೊಳ್ಳುವ ಗಂಡಸು, ಮಗಳ ತಲೆಯ ಹೇನು ನೋಡುವ ತಾಯಿ, ಬಾಯಿ ಬಿಟ್ಟುಕೊಂಡು ನಿದ್ದೆ ಹೋದ ಕಾವಲುಗಾರ, ಹಾಗಲಕಾಯಿ ಬುಟ್ಟಿ ಹೊತ್ತ ಎಂಟು ವರ್ಷದ ಹುಡುಗಿ. ಎಲ್ಲ ನಮ್ಮೂರಿನವರೇ. ಬರೆದು ಮುಗಿಸಿ ಒಂದು ದಿನ ಹೇಳದೆ ಕೇಳದೆ ಹೊರಟುಹೋದ.

ಊರಿನ ಬಾಯಲ್ಲಿ ಲೋರಂಜನ ಹೆಸರು ಹೇಗಿರುತ್ತದೋ ಗೋಡೆಯವರು ಹಾಗೆ ಇರುತ್ತಾರೆ. ಹೊಗಳುವ ಕಾಲದಲ್ಲಿ ನಮ್ಮ ಕಡೆಗೆ ಮುಖ. ತೆಗಳುವ ಕಾಲದಲ್ಲಿ ಬೆನ್ನು. ತಿರುಗುವುದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ನೋಡುತ್ತಾ ನಿಂತರೆ ಅವರು ಕದಲುವುದಿಲ್ಲ. ನಾವು ಆ ಕಡೆ ತಿರುಗಿ ಈ ಕಡೆ ನೋಡುವುದರೊಳಗೆ ಮುಗಿದಿರುತ್ತದೆ. ನಮ್ಮ ಮುತ್ತಜ್ಜನ ಕಾಲದಲ್ಲಿ ಪ್ಲೇಗು ಬಂದಾಗ ಈ ಫರಂಗಿಯ ಕಣ್ಣೇ ತಾಗಿತು ಎಂದರಂತೆ, ಹನ್ನೊಂದು ವರ್ಷ ಬೆನ್ನು. ಆಮೇಲೆ ಅವನೇ ಸಂತನಾದ, ಹರಕೆ ಹೊತ್ತು ಮಕ್ಕಳಿಗೆ ಅವನ ಹೆಸರಿಟ್ಟರು. ಲೋರಂಜಪ್ಪ ಎಂಬ ಮೂವರು ಮುದುಕರು ಈಗಲೂ ಊರಿನಲ್ಲಿದ್ದಾರೆ. ನಡುವೆ ಕಾಲ ಕೆಟ್ಟಾಗ ಅವರು ರಂಗಪ್ಪ ಎಂದು ಕರೆಸಿಕೊಳ್ಳುತ್ತಿದ್ದರು.

ನಮ್ಮದು ಗೋಡೆ ಒತ್ತುವ ಮನೆತನ. ಚಾವಡಿಯ ದೀಪದ ಮಸಿ, ಜನರ ಉಸಿರು, ಮೆಣಸಿನಕಾಯಿಯ ಧೂಳು ಎಲ್ಲ ಗೋಡೆಗೆ ಹತ್ತುತ್ತದೆ. ಅದನ್ನು ತೆಗೆಯಲು ನೀರು ಮುಟ್ಟಿಸಬಾರದು. ರಾಗಿ ಮುದ್ದೆಯನ್ನು ಗಟ್ಟಿಯಾಗಿ ಕಟ್ಟಿ, ಆರಿಸಿ, ಅಂಗೈಯಲ್ಲಿ ಉರುಳಿಸಿ, ಚಿತ್ರದ ಮೇಲೆ ಮೆಲ್ಲಗೆ ಒತ್ತಿ ತೆಗೆಯಬೇಕು. ಮಸಿಯೆಲ್ಲ ಮುದ್ದೆಗೆ ಬರುತ್ತದೆ, ಬಣ್ಣ ಗೋಡೆಯಲ್ಲೇ ಉಳಿಯುತ್ತದೆ. "ಒತ್ಬೇಕು ಕಣ್ಲಾ, ತಿಕ್ಬಾರ್ದು" ಎಂದು ನಮ್ಮಪ್ಪ ಈರಣ್ಣ ಸಾವಿರ ಸಲ ಹೇಳಿದ್ದಾನೆ. ಊರಿನವರು ಅವನನ್ನು ಮುದ್ದೆ ಈರಣ್ಣ ಎನ್ನುತ್ತಿದ್ದರು. ನಾನು ಮುದ್ದೆ ಈರಣ್ಣನ ಮಗ ಉಗ್ರಪ್ಪ. ಸ್ಕೂಲಿನಲ್ಲಿ ಹುಡುಗರು ನನ್ನ ಬೆನ್ನಿಗೆ ಅನ್ನದ ಉಂಡೆ ಒತ್ತಿ ತೆಗೆದು ನಗುತ್ತಿದ್ದರು. ಅಪ್ಪನ ಕೆಲಸದ ಬಗ್ಗೆ ನನಗಾದ ನಾಚಿಕೆಯೇ ನನ್ನ ಮೊದಲನೆಯ ನಾಚಿಕೆ. ಅದು ಬೇಡದ ನಾಚಿಕೆ. ಬೇಕಾದದ್ದು ತಡವಾಗಿ ಬಂತು.

ನನಗೆ ಇಪ್ಪತ್ತೆರಡು ವರ್ಷವಾದಾಗ ಪಕ್ಕದ ಪಟ್ಟಣದಿಂದ ಒಂದು ಮದುವೆ ದಿಬ್ಬಣ ಬಂತು. ಬಂದವರು ಚಾವಡಿಯ ಗೋಡೆ ನೋಡಿ, ಹೇನು ತೆಗೆಯುವ ತಾಯಿಯನ್ನು ತೋರಿಸಿ, "ನಿಮ್ಮೂರಿನ ಮಹಾರಾಣೀನಾ?" ಎಂದು ನಕ್ಕರು. ಅಷ್ಟೇ. ಆ ನಗು ಊರನ್ನು ಇರಿಯಿತು. ಚಾವಡಿ ಸಂಘದ ಸೆಕ್ರೆಟರಿ ವಜ್ರಪ್ಪ ಸಭೆ ಕರೆದು, ಬೇರೆ ಊರಿನವರ ಗೋಡೆಯಲ್ಲಿ ಆನೆ ಅಂಬಾರಿ ಇದ್ದರೆ ನಮ್ಮ ಗೋಡೆಯಲ್ಲಿ ಹೇನು ಮುಳ್ಳು ಇವೆ, ಈ ಪರದೇಶಿ ನಮ್ಮ ಅಜ್ಜಿಯರನ್ನು ನಗೆಪಾಟಲು ಮಾಡಿ ಹೋಗಿದ್ದಾನೆ ಎಂದು ಎರಡು ಗಂಟೆ ಮಾತಾಡಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಮುದ್ದೆ ಈರಣ್ಣನ ಮಗನೇ ತಟ್ಟುತ್ತಿದ್ದಾನೆ ಎಂದು ಜನ ಇನ್ನೂ ಜೋರಾಗಿ ತಟ್ಟಿದರು. ಗುರುವಾರ ಬೆಳಿಗ್ಗೆ ಸೊಪ್ಪಿನವರು ಬಾಗಿಲು ತೆಗೆದಾಗ ನೂರ ನಲವತ್ತಮೂರು ಬೆನ್ನುಗಳಿದ್ದವು.

ನಾಲ್ಕು ದಿನ ಮುಜುಗರವಾಯಿತು. ಆಮೇಲೆ ಗೋಡೆಯವರನ್ನು ನೋಡಿ ನೋಡಿ ನಮಗೂ ಅದೇ ಅಭ್ಯಾಸವಾಯಿತು. ಟೈಲರುಗಳು ಬೆನ್ನಿಗೆ ಕಸೂತಿ ಹಾಕಿದರು, ಹಾರವನ್ನು ಹಿಂದಿನಿಂದ ಹಾಕಿದರು, ಸ್ಟುಡಿಯೋ ಜಂಬಣ್ಣ ಕುರ್ಚಿಯನ್ನು ಪರದೆಯ ಕಡೆಗೆ ತಿರುಗಿಸಿಟ್ಟು ಎಲ್ಲರ ಫೋಟೋವನ್ನೂ ಬೆನ್ನಿನಿಂದಲೇ ತೆಗೆದ. ಮುಖ ತೋರಿಸಿ ಕೂರುವುದು ಒರಟುತನ ಎನ್ನಿಸಿಕೊಂಡಿತು. ಗೋಡೆಗಂತೂ ಆಳಿಗೊಂದು ಕಲ್ಲು: ಒಬ್ಬರು ಸಿನಿಮಾ ಪೋಸ್ಟರು ಅಂಟಿಸಿದರು, ಒಬ್ಬರು ಸುಣ್ಣದ ಬೆರಳು ಒರೆಸಿದರು, ಒಬ್ಬರು ಸೈಕಲ್ಲು ಒರಗಿಸಿದರು. ನಮ್ಮಪ್ಪ ಮಾತ್ರ ವರ್ಷಕ್ಕೆ ಎರಡು ಸಲ ಮುದ್ದೆ ಕಟ್ಟಿಕೊಂಡು ಹೋಗಿ ಬೆನ್ನುಗಳನ್ನೇ ಒತ್ತಿ ಬರುತ್ತಿದ್ದ. "ಕ್ವಾಪ ಮಾಡ್ಕಂಡೋರ್ ಬೆನ್ನಿಗೂ ಧೂಳು ಕೂರ್ತದೆ" ಎನ್ನುತ್ತಿದ್ದ.

ಇಲ್ಲಿಗೆ ದ್ಯಾವಕ್ಕನ ಮಾತು ಬರುತ್ತದೆ. ದ್ಯಾವಕ್ಕ ಚಾವಡಿಯ ಮೂಲೆಯಲ್ಲಿ ಹಾಗಲಕಾಯಿ, ಹೀರೇಕಾಯಿ ಮಾರುವವಳು. ಗಂಡ ಇಲ್ಲ, ಒಬ್ಬಳೇ ಮಗಳು ನಿಂಗಿ. ಗೋಡೆ ಇನ್ನೂ ಮುಖ ತೋರಿಸುತ್ತಿದ್ದ ಕಾಲದಲ್ಲಿ ನಿಂಗಿಗೆ ಆರು ವರ್ಷ. ಗೋಡೆಯ ಹಾಗಲಕಾಯಿ ಬುಟ್ಟಿಯ ಹುಡುಗಿಗೂ ಅವಳಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದೇ ಅಗಲ ಹಣೆ, ನಕ್ಕರೆ ಎಡಗೆನ್ನೆಯಲ್ಲಿ ಬೀಳುವ ಅದೇ ಗುಳಿ. ಕಾಯಿ ಕೊಳ್ಳಲು ಬಂದವರು ಇಬ್ಬರನ್ನೂ ನೋಡಿ, "ದ್ಯಾವಕ್ಕಾ, ಐನೂರು ವರ್ಷದಿಂದ ಬಸುರಾಗಿದ್ದೇನೇ?" ಎಂದು ಚುಡಾಯಿಸುತ್ತಿದ್ದರು. ನಿಂಗಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಗೋಡೆಯ ಪಕ್ಕ ಹೋಗಿ ನಿಲ್ಲುವಳು. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಮೇಲೆ ಗೋಡೆ ತಿರುಗಿತು. ಮುಂದಿನ ವರ್ಷ ದ್ಯಾವಕ್ಕ ಮಗಳಿಗೆ ಹೊಸ ಲಂಗ ಹೊಲಿಸಿ ಜಂಬಣ್ಣನಲ್ಲಿ ಫೋಟೋ ತೆಗೆಸಿದಳು. ಎಲ್ಲರ ಹಾಗೆ ಬೆನ್ನಿನಿಂದ. ಕನಕಾಂಬರ ಮುಡಿದ ಎರಡು ಜಡೆ, ಲಂಗದ ಅಂಚು, ಹಿಮ್ಮಡಿ. ಅದಾದ ಮರುವರ್ಷ ನಿಂಗಿ ಮೂರು ದಿನದ ಜ್ವರದಲ್ಲಿ ಹೋದಳು.

ಮಣ್ಣು ಮಾಡಿದ ಸಂಜೆ ದ್ಯಾವಕ್ಕ ಕೆದರಿದ ತಲೆಯಲ್ಲಿ ಚಾವಡಿಗೆ ಬಂದಳು. ಬುಟ್ಟಿಯ ಹುಡುಗಿಯ ಬೆನ್ನಿನ ಮುಂದೆ ನಿಂತು, "ಒಂದ್ಸಲ ತಿರುಗವ್ವ, ಒಂದೇ ಸಲ" ಎಂದು ಬೇಡಿಕೊಂಡಳು. ಅದು ತಿರುಗಲಿಲ್ಲ. ಊರೆಲ್ಲ ಲೋರಂಜನನ್ನು ಬೈಯುತ್ತಿದ್ದ ಕಾಲ; ಹೇಗೆ ತಿರುಗೀತು? ಕೊನೆಗೆ ಅವಳಿಗೆ ರೋಷ ಬಂತು. "ಹಂಗೇ ನಿಂತ್ಕೊ! ನೀನೂ ಬ್ಯಾಡ, ನಿನ್ ಮಕಾನೂ ಬ್ಯಾಡ! ಲೋಕ ಮುಳುಗೋಗಂಟ ಹಂಗೇ ನಿಂತಿರು!" ಎಂದು ಮಣ್ಣು ತೂರಿ ಹೋದಳು. ಸುತ್ತ ಇಪ್ಪತ್ತು ಜನ ಕೇಳಿಸಿಕೊಂಡರು.

ನಿಂಗಿ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ವಜ್ರಪ್ಪನ ದೊಡ್ಡ ಭಾಷಣವಿತ್ತು. ಧ್ವನಿವರ್ಧಕದ ಪೆಟ್ಟಿಗೆ ನೇತುಹಾಕುವ ಕೆಲಸ ನನ್ನದು. ಮಧ್ಯಾಹ್ನ ಚಾವಡಿ ಖಾಲಿಯಿತ್ತು. ಬೇರೆ ದಿನಗಳಲ್ಲಿ ಹಗ್ಗ ಕಟ್ಟುವವರೂ ಚಿತ್ರಗಳ ನಡುವಿನ ಖಾಲಿ ಜಾಗದಲ್ಲಿ ಗೂಟ ಹೊಡೆಯುತ್ತಿದ್ದರು. ಅಷ್ಟು ಅಂಜಿಕೆ ಎಲ್ಲರಿಗೂ ಉಳಿದಿತ್ತು. ನಾನು ಮಾತ್ರ ಮುದ್ದೆ ಈರಣ್ಣನ ಮಗನಲ್ಲ ಎಂದು ತೋರಿಸಿಕೊಳ್ಳಬೇಕಿತ್ತು. ಯಾರೂ ನೋಡದಿದ್ದರೂ ನನಗೇ ತೋರಿಸಿಕೊಳ್ಳಬೇಕಿತ್ತು. ಬುಟ್ಟಿಯ ಹುಡುಗಿಯ ತಲೆ ಸರಿಯಾದ ಎತ್ತರದಲ್ಲಿತ್ತು. ನಾಲ್ಕಿಂಚಿನ ಮೊಳೆಯನ್ನು ಅವಳ ಜಡೆಯ ಪಕ್ಕ, ಎಡಗಿವಿಯ ಹಿಂದೆ ಇಟ್ಟು, ಆರು ಏಟು ಹೊಡೆದೆ. ಅವಳು ಯಾರ ಹಾಗಿದ್ದಳು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೆನ್ನು ತಿರುಗಿಸಿದ ಮೇಲೆ ಅವಳು ನನಗೆ ಬರೀ ಗೋಡೆಯಾಗಿದ್ದಳು. ಆರನೆಯ ಏಟು ಹೊಡೆದು ತಿರುಗಿದರೆ ಬಾಗಿಲಲ್ಲಿ ಅಪ್ಪ ನಿಂತಿದ್ದ, ಕೈಯಲ್ಲಿ ಮುದ್ದೆಯ ತಟ್ಟೆ.

ಅಪ್ಪ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಹಿಂದಿರುಗಿ ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭಾಷಣ ಮುಗಿದು ಪೆಟ್ಟಿಗೆ ಇಳಿಸಿದ ಮೇಲೆ ಅವನೇ ಹೋಗಿ ಮೊಳೆ ಕೀಳಲು ನೋಡಿದ. ಸುಣ್ಣ ಬಿರುಕು ಬಿಡುವ ಹಾಗೆ ಕಂಡು ಹೆದರಿ, ಮೊಳೆಯ ತಲೆ ಕತ್ತರಿಸಿ, ಮೇಲೆ ಬೆಲ್ಲದ ನೀರಿನಲ್ಲಿ ಕಲಸಿದ ಸುಣ್ಣ ಮೆತ್ತಿ, ಕಾಡಿಗೆ ಹಚ್ಚಿ ಜಡೆಯ ಬಣ್ಣಕ್ಕೆ ಕೂಡಿಸಿದ. ಆಮೇಲೆ ಎಂಟು ವರ್ಷ ಬದುಕಿದ. ಸಾಯುವ ತನಕ ಆ ಜಾಗದಲ್ಲಿ ಮಾತ್ರ ಮುದ್ದೆ ಒತ್ತುವಾಗ ಅವನ ಕೈ ನಿಧಾನವಾಗುತ್ತಿತ್ತು. ನಾನು ಆ ಕಡೆ ನೋಡುತ್ತಿರಲಿಲ್ಲ.

ಈಗ ಎರಡೂವರೆ ವರ್ಷದ ಹಿಂದೆ ಒಂದು ವ್ಯಾನು ಬಂತು. ಗುಂಗುರು ಕೂದಲಿನ ಒಬ್ಬ ಹೆಂಗಸು ಇಳಿದು, ಲೋರಂಜನ ದೇಶದ ಯಾವುದೋ ಹಳೆಯ ಕಪಾಟಿನಲ್ಲಿ ಸಿಕ್ಕಿದ ಅವನ ಪುಸ್ತಕದ ಹನ್ನೊಂದು ಹಾಳೆಗಳ ನಕಲು ತೋರಿಸಿದಳು. ಮುಳ್ಳು ತೆಗೆಯುವವನು, ನಿದ್ದೆಯ ಕಾವಲುಗಾರ, ಹೇನಿನ ತಾಯಿ! ಅಲ್ಲಿ ಆ ಹಾಳೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಜನ ಸಾಲುಗಟ್ಟಿ ನೋಡುತ್ತಾರೆ, ರಾಜರನ್ನು ಎಲ್ಲರೂ ಬರೆದರು, ಸಂತೆಯ ಜನರನ್ನು ಇಷ್ಟು ಪ್ರೀತಿಯಿಂದ ಆ ಕಾಲದಲ್ಲಿ ಬರೆದವನು ಇವನೊಬ್ಬನೇ ಎಂದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಪರದೇಶದವರು ಬಂದು ಮೂಸಿದರೆ ಅದೂ ಮದ್ದೇ. ಮೂರು ದಿನದಲ್ಲಿ ಊರು ಬದಲಾಯಿತು. ಅದೇ ವಜ್ರಪ್ಪ, ಈಗ ಎಂಬತ್ತರ ಮುದುಕ, ಲೋರಂಜ ಸ್ಮಾರಕ ಸಮಿತಿಯ ಅಧ್ಯಕ್ಷನಾದ. ರಂಗಪ್ಪಂದಿರು ಮತ್ತೆ ಲೋರಂಜಪ್ಪರಾದರು. ನಾಲ್ಕನೆಯ ದಿನ ಗೋಡೆ ತಿರುಗಿತು. ಪೋಸ್ಟರುಗಳು ಹರಿದು ನೆಲದಲ್ಲಿ ಬಿದ್ದಿದ್ದವು.

ದ್ಯಾವಕ್ಕ ಸುದ್ದಿ ಕೇಳಿ ತಕ್ಕಡಿ ಬಿಟ್ಟು ಓಡಿಬಂದಳು. ನೂರ ನಲವತ್ತೆರಡು ಮುಖಗಳನ್ನು ದಾಟಿ ಕೊನೆಗೆ ನಿಂತಳು. ಬುಟ್ಟಿಯ ಹುಡುಗಿ ಹಾಗೆಯೇ ಇದ್ದಳು, ಬೆನ್ನು ಹಾಕಿಕೊಂಡು. ಹನ್ನೊಂದು ಹಾಳೆಯಲ್ಲಿ ಅವಳಿರಲಿಲ್ಲ. ಹಿಂದೆ ಗೋಡೆಯ ಫೋಟೋ ಯಾರೂ ತೆಗೆದಿರಲಿಲ್ಲ. ಕಣ್ಣೆದುರಿಗಿದ್ದ ಗೋಡೆಯ ಫೋಟೋ ಯಾರು ತೆಗೆಯುತ್ತಾರೆ? ನಿಂಗಿಯ ಮುಖ ಈ ಲೋಕದಲ್ಲಿ ಉಳಿದದ್ದು ಅದೊಂದೇ ಕಡೆ. ಅದು ನನ್ನ ಮೊಳೆಗೆ ಸಿಕ್ಕಿಕೊಂಡಿತ್ತು. ಅವಳನ್ನು ನೋಡಿದ ಕ್ಷಣವೇ ನನಗೆ ಗೊತ್ತಾಯಿತು. ನನ್ನ ಕಿವಿಯ ಹಿಂದೆ ಕೈ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಆ ಹೊತ್ತಿಗೆ ಹೇಳಿಬಿಡಬೇಕಿತ್ತು. ಆದರೆ ಹಿಂದಿನ ದಿನವೇ ಸಮಿತಿಯವರು ನನ್ನನ್ನು ಗೋಡೆಯ ಮೇಲ್ವಿಚಾರಕ ಎಂದು ಆರಿಸಿದ್ದರು. "ಊರೆಲ್ಲ ಬೆನ್ನು ಹಾಕಿದಾಗಲೂ ಇವರ ಮನೆತನ ಮುದ್ದೆ ಬಿಡಲಿಲ್ಲ" ಎಂದು ವಜ್ರಪ್ಪ ಹಾರ ಹಾಕಿದ್ದ. ಅಪ್ಪನಿಗೆ ಬರಬೇಕಾದ ಹಾರಕ್ಕೆ ನಾನು ಕತ್ತು ಕೊಟ್ಟಿದ್ದೆ. ಆ ಹಾರದ ಹೂವು ಇನ್ನೂ ಬಾಡಿರಲಿಲ್ಲ.

ಅವಳೊಬ್ಬಳೇ ಯಾಕೆ ತಿರುಗಲಿಲ್ಲ ಎಂದು ಊರು ಯೋಚಿಸಿತು. ಧ್ವನಿವರ್ಧಕದ ಪೆಟ್ಟಿಗೆ ಎಲ್ಲಿ ನೇತಾಡುತ್ತಿತ್ತು ಎಂದು ಒಂದಿಬ್ಬರಿಗಾದರೂ ನೆನಪಿರಬೇಕು. ಆದರೆ ಒಬ್ಬರು ಬಾಯಿ ಬಿಟ್ಟರೆ ಪೋಸ್ಟರಿನವರು, ಸೈಕಲ್ಲಿನವರು, ಎಲ್ಲರೂ ಬಾಯಿ ಬಿಡಬೇಕಾಗುತ್ತಿತ್ತು. ಹಾಗಾಗಿ ಸುಲಭದ ಉತ್ತರ ಸಿಕ್ಕಿತು: ದ್ಯಾವಕ್ಕನ ಶಾಪ. ಲೋಕ ಮುಳುಗುವ ತನಕ ಹಾಗೇ ನಿಂತಿರು ಎಂದಿದ್ದಳಲ್ಲ, ಹೆತ್ತ ಕರುಳಿನ ಮಾತು, ಅದಕ್ಕೇ ನಿಂತಿದ್ದಾಳೆ. ಊರಿನ ಗೋಡೆಗೆ ಊನ ತಂದವಳು ಎಂದು ಅವಳ ಹತ್ತಿರ ಕಾಯಿ ಕೊಳ್ಳುವುದನ್ನೂ ಜನ ಕಡಿಮೆ ಮಾಡಿದರು. ಪ್ರವಾಸಿಗರು ಆ ಹುಡುಗಿ ಯಾಕೆ ಹಾಗೆ ಎಂದು ಕೇಳಿದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹೇಳಿ ಹೇಳಿ ಅದಕ್ಕೊಂದು ರಾಗ ಬಂದಿತ್ತು. "ಒಬ್ಬ ತಾಯಿಯ ನೋವಿನ ಶಾಪ" ಎನ್ನುವಲ್ಲಿ ಧ್ವನಿ ಇಳಿಸುತ್ತಿದ್ದೆ, ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಇದನ್ನು ಬರೆಯುವಾಗ ನನ್ನ ಮುಖ ಬಿಸಿಯಾಗುತ್ತಿದೆ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ದ್ಯಾವಕ್ಕ ಆ ಮಾತನ್ನು ತಾನೂ ನಂಬಿದಳು. ದಿನಾ ಬೆಳಿಗ್ಗೆ ಬುಟ್ಟಿ ಇಳಿಸಿ, ಆ ಬೆನ್ನಿನ ಮುಂದೆ ನಿಂತು, ಎರಡೂ ಕೆನ್ನೆ ಬಡಿದುಕೊಳ್ಳುವಳು. "ತಪ್ಪಾಯ್ತು ಕಣವ್ವ. ಹೊಟ್ಟೆಗೆ ಬೆಂಕಿ ಬಿದ್ದಿತ್ತು, ಬಾಯಿಗ್ ಬಂದಂಗೆ ಅಂದ್ಬುಟ್ಟೆ. ಆ ಮಾತು ವಾಪಸ್ ತಗಂಡಿವ್ನಿ, ತಿರುಗವ್ವ." ನಾನು ಹತ್ತು ಅಡಿ ದೂರದಲ್ಲಿ ಟಿಕೆಟ್ಟು ಹರಿಯುತ್ತಾ ನಿಂತಿರುತ್ತಿದ್ದೆ. ಒಂದು ದಿನ ನನ್ನ ಕೈ ಹಿಡಿದಳು. "ಉಗ್ರಪ್ಪ, ನಿಮ್ಮಪ್ಪ ಪುಣ್ಯಾತ್ಮ. ನಿಮ್ ಮನೆಯೋರ್ ಕೈ ಅಂದ್ರೆ ಗೋಡೆಯೋರಿಗೆ ನಂಬ್ಕೆ. ನನ್ ಪರವಾಗಿ ನೀನೊಂದ್ ಮಾತ್ ಹೇಳಪ್ಪ ಅವಳಿಗೆ."

"ಹೇಳ್ತೀನಿ ಅವ್ವ" ಎಂದೆ. ಹೌದು, ಹಾಗೆಂದೆ.

ಮೊಳೆಯನ್ನು ಗುಟ್ಟಾಗಿ ಕಿತ್ತುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಯೋಚಿಸಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಯೋಚನೆ. ಆದರೆ ಕಿತ್ತರೆ ಅವಳು ತಿರುಗುತ್ತಾಳೆ, ತಿರುಗಿದರೆ ಮುಖದಲ್ಲಿ ತೂತು ಇರುತ್ತದೆ, ತೂತು ಕಂಡರೆ ಯಾರದು ಎಂದು ಕೇಳುತ್ತಾರೆ. ಬೆನ್ನು ಹಾಕಿದ್ದಷ್ಟು ದಿನ ನಾನು ಕ್ಷೇಮ. ಹೀಗೆ ಒಂದು ದೀಪಾವಳಿ ಹೋಯಿತು, ಇನ್ನೊಂದು ಹೋಯಿತು.

ಎರಡನೆಯ ದೀಪಾವಳಿ ಕಳೆದು ನಾಲ್ಕೈದು ತಿಂಗಳಿಗೆ ದ್ಯಾವಕ್ಕ ಬರುವುದು ನಿಂತಿತು. ಮೊದಲ ವಾರ ನನಗೆ ಹಗುರಾಯಿತು. ನಾಚಿಕೆಗೆಟ್ಟವನಿಗೆ ಅಷ್ಟು ಸಾಕು. ಎರಡನೆಯ ವಾರ ಟಿಕೆಟ್ಟು ಹರಿಯುವಾಗಲೆಲ್ಲ ಆ ಜಾಗಕ್ಕೇ ಕಣ್ಣು ಹೋಗತೊಡಗಿತು. ಮೂರನೆಯ ವಾರ ಅವಳ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ದ್ಯಾವಕ್ಕ ಮೊರದಲ್ಲಿ ಹುರುಳಿ ಹಾಕಿಕೊಂಡು ಬೆರಳಿನಲ್ಲಿ ಕಲ್ಲು ಹುಡುಕುತ್ತಿದ್ದಳು. ಗೋಡೆಯಲ್ಲಿ ನಿಂಗಿಯ ಫೋಟೋ, ಎರಡು ಜಡೆ.

"ಯಾರದು?" ಎಂದಳು, ನನ್ನ ಕಡೆಗೇ ನೋಡುತ್ತಾ.

"ನಾನವ್ವ, ಉಗ್ರಪ್ಪ."

"ಬಾರಪ್ಪ, ಕೂತ್ಕೊ. ಕಣ್ ಹೋಯ್ತು ಕಣಪ್ಪ. ಹಬ್ಬ ಕಳೆದ್ಮೇಲೆ ಮಂಜಾಗ್ತಾ ಬಂತು, ಈಗ ಏನೂ ಇಲ್ಲ. ನರ ಒಣಗದೆ, ಆಪರೇಷನ್ ಮಾಡುದ್ರೂ ಬರಾಕಿಲ್ಲ ಅಂದ್ರು ಡಾಕ್ಟ್ರು." ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದಳು. ಆಮೇಲೆ ಮೊರ ಕೆಳಗಿಟ್ಟು ಮೆಲ್ಲಗೆ ಕೇಳಿದಳು: "ತಿರುಗುದ್ಲಾ?"

"ನಾಳೆ ಬತ್ತೀಯಾ ಅವ್ವ? ನಾನೇ ಕರ್ಕೊಂಡ್ ಹೋಗ್ತೀನಿ" ಎಂದಷ್ಟೇ ಹೇಳಿ ಎದ್ದೆ.

ಮರುದಿನ ಭಾನುವಾರ. ಎರಡು ಬಸ್ಸು ಪ್ರವಾಸಿಗರು, ಊರಿನ ಜನ, ಕುರ್ಚಿಯಲ್ಲಿ ವಜ್ರಪ್ಪ. ದ್ಯಾವಕ್ಕನನ್ನು ಕೈ ಹಿಡಿದು ನಡೆಸಿಕೊಂಡು ಬಂದು ಬುಟ್ಟಿಯ ಹುಡುಗಿಯ ಮುಂದೆ ನಿಲ್ಲಿಸಿದೆ. ಜನ ನನ್ನ ಕಥೆಗಾಗಿ ಸುತ್ತ ನೆರೆದರು. ಬಾಯಿ ತೆರೆದೆ, ಅಭ್ಯಾಸದ ರಾಗವೇ ಬಂತು. "ಐನೂರು ವರ್ಷಗಳ ಹಿಂದೆ, ಮಹಾಕಲಾವಿದ ಲೋರಂಜ..." ಅಲ್ಲಿಗೆ ನಿಂತಿತು. ಜೇಬಿನಿಂದ ಇಕ್ಕಳ ತೆಗೆದೆ.

"ಇವಳು ತಿರುಗದೆ ಇರೋದು ದ್ಯಾವಕ್ಕನ ಶಾಪದಿಂದ ಅಲ್ಲ" ಎಂದೆ. "ನಾನು ಇವಳ ತಲೆಗೆ ಮೊಳೆ ಹೊಡೆದಿದ್ದೀನಿ. ವಜ್ರಪ್ಪನೋರ ಭಾಷಣಕ್ಕೆ ಪೆಟ್ಟಿಗೆ ನೇತುಹಾಕೋಕೆ. ನಮ್ಮಪ್ಪ ಮುಚ್ಚಿದ. ಎರಡೂವರೆ ವರ್ಷದಿಂದ ನನಗೆ ಗೊತ್ತಿದ್ದೂ ಸುಳ್ಳು ಹೇಳ್ತಾ ಬಂದಿದ್ದೀನಿ."

ವಜ್ರಪ್ಪ ಕೋಲು ಕುಟ್ಟಿದ. "ಈಗ್ಯಾಕಯ್ಯ ಅದೆಲ್ಲ? ಬಂದೋರ್ ಮುಂದೆ ಊರಿನ ಮಾನ ಕಳೀತೀಯಾ?" ಎಂದ. ಅವನ ಕಣ್ಣಲ್ಲೂ ಅಂಜಿಕೆಯಿತ್ತು. ಹಿಂದೆ ನಿಂತ ಕೆಲವು ಹಿರಿಯರು ತಲೆ ತಗ್ಗಿಸಿದರು. ಅವರವರ ಪೋಸ್ಟರು, ಅವರವರ ಸೈಕಲ್ಲು ಅವರಿಗೆ ನೆನಪಾಗಿರಬೇಕು. ದ್ಯಾವಕ್ಕ ನಾನು ಹಿಡಿದಿದ್ದ ಕೈಯನ್ನು ಬಿಡಿಸಿಕೊಂಡಳು.

ಅಪ್ಪ ಮೆತ್ತಿದ ಸುಣ್ಣ ಕಲ್ಲಿನ ಹಾಗಿತ್ತು. ಉಗುರಿನಲ್ಲಿ, ಚಾಕುವಿನ ಮೊನೆಯಲ್ಲಿ ಕೆರೆದು ಕೆರೆದು ಮೊಳೆಯ ಬುಡ ಬಿಡಿಸಿದೆ. ಇಕ್ಕಳಕ್ಕೆ ಸಿಕ್ಕಿದ ಮೇಲೆ ತಿರುಪಿ ತಿರುಪಿ ಎಳೆದೆ. ಬರುವಾಗ ಅದು ಒಂದು ಸಣ್ಣ ಸದ್ದು ಮಾಡಿತು. ತುಕ್ಕು ಹಿಡಿದು ಬೆರಳುದ್ದ ಕೆಂಪಗಿತ್ತು.

ಹುಡುಗಿ ಕದಲಲಿಲ್ಲ. ಆಗ ನೆನಪಾಯಿತು, ನಾವೆಲ್ಲ ನೋಡುತ್ತಿದ್ದೇವೆ. "ಎಲ್ಲರೂ ದಯವಿಟ್ಟು ಆ ಕಡೆ ತಿರುಗಿ" ಎಂದೆ. ಊರಿನವರಿಗೆ ಹೇಳಿಕೊಡಬೇಕಾಗಿರಲಿಲ್ಲ, ಮೂವತ್ತೆಂಟು ವರ್ಷದ ಅಭ್ಯಾಸ. ಪ್ರವಾಸಿಗರು ಅವರನ್ನು ನೋಡಿ ತಿರುಗಿದರು. ವಜ್ರಪ್ಪನ ಕುರ್ಚಿಯನ್ನು ಯಾರೋ ತಿರುಗಿಸಿಟ್ಟರು. ಕೊನೆಗೆ ನಾನೂ ತಿರುಗಿದೆ. ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದವಳು ದ್ಯಾವಕ್ಕ ಒಬ್ಬಳೇ. ನೋಡುವ ಕಣ್ಣು ಅವಳಿಗಿರಲಿಲ್ಲ, ಹಾಗಾಗಿ ಅಡ್ಡಿಯಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳ ಧ್ವನಿ ಕೇಳಿಸಿತು. "ತಿರುಗುದ್ಲು ಕಣಪ್ಪ. ಮಕಕ್ಕೆ ಗಾಳಿ ಬಂತು."

ತಿರುಗಿ ನೋಡಿದೆ. ಅವಳಿದ್ದಳು. ತಲೆಯ ಮೇಲೆ ಹಾಗಲಕಾಯಿ ಬುಟ್ಟಿ, ನಗುವುದಕ್ಕೆ ಒಂದು ಗಳಿಗೆ ಮುಂಚಿನ ಬಾಯಿ. ನಲವತ್ತು ವರ್ಷದ ಹಿಂದೆ ಗೋಡೆಯ ಪಕ್ಕ ನಿಲ್ಲುತ್ತಿದ್ದ ನಿಂಗಿ ಬಂದು ನನ್ನ ಮುಂದೆ ನಿಂತ ಹಾಗಾಯಿತು.

"ಹೆಂಗವ್ಳೆ? ನೋಡಿ ಹೇಳು" ಎಂದಳು ದ್ಯಾವಕ್ಕ.

"ಅವ್ವ, ಆ ಕಾಲದ ಚಿತ್ರಗಾರರಲ್ಲಿ ಇಷ್ಟು ಮೃದುವಾಗಿ..."

"ಅವನ್ ಕತೆ ಬ್ಯಾಡ ಕಣೋ. ಮಗೀನ್ ಮಕ ಹೇಳು."

ಎರಡೂವರೆ ವರ್ಷದಲ್ಲಿ ಸಾವಿರ ಜನರಿಗೆ ಲೋರಂಜನನ್ನು ಹೊಗಳಿದ್ದೆ. ಒಂದು ಮುಖವನ್ನೂ ಇದುವರೆಗೆ ನೆಟ್ಟಗೆ ನೋಡಿ ಹೇಳಿರಲಿಲ್ಲ. ಒಂದೊಂದಾಗಿ ಹೇಳಿದೆ. ಹಣೆ ಅಗಲ ಐತವ್ವ. ಕೂದಲು ಎರಡು ಎಳೆ ಹಣೆ ಮೇಲೆ ಬಿದ್ದದೆ, ಬೆವರಿಗೆ ಅಂಟಿಕೊಂಡದೆ. ಬಲಗಡೆ ಹುಬ್ಬು ವಸಿ ಗಿಡ್ಡ. ಕಣ್ಣು ನಿನ್ ಕಡೀಕೇ ಐತೆ. ಮೇಲ್ತುಟಿ ತುಸು ಎತ್ತದೆ, ಈಗ ನಗ್ತಾಳೆ ಅನ್ನಂಗೆ. ಅವಳು ಒಂದೊಂದಕ್ಕೂ ಹೂಂ ಎನ್ನುತ್ತಾ ತಲೆಯಾಡಿಸುತ್ತಿದ್ದಳು, ತೂಕ ಸರಿಯಾಗಿದೆಯೇ ಎಂದು ನೋಡುವವಳ ಹಾಗೆ.

"ಎಡಗೆನ್ನೆ ಗುಳಿ?" ಎಂದಳು.

ಎಡಗೆನ್ನೆಯಲ್ಲಿ ಗುಳಿ ಇರಬೇಕಾದ ಜಾಗದಲ್ಲೇ ನನ್ನ ಮೊಳೆಯ ತೂತು ಇತ್ತು. ಹುರುಳಿ ಕಾಳಿನಷ್ಟು, ಸುತ್ತ ತುಕ್ಕಿನ ಕಲೆ.

ಇದೆ ಎಂದುಬಿಡಬಹುದಿತ್ತು. ಬೆರಳಿಟ್ಟರೂ ತಗ್ಗೇ ಸಿಗುತ್ತಿತ್ತು. ಮುದುಕಿ ಸಂತೋಷದಿಂದ ಮನೆಗೆ ಹೋಗುತ್ತಿದ್ದಳು. ಒಳ್ಳೆಯ ಸುಳ್ಳು ಎಂದು ಸುತ್ತಲಿನವರೂ ಸುಮ್ಮನಿರುತ್ತಿದ್ದರು. ನಾಲಿಗೆಯ ತುದಿಗೂ ಬಂದಿತ್ತು.

"ಗುಳಿ ಇದ್ದ ಕಡೆ ಮೊಳೆ ತೂತು ಐತವ್ವ" ಎಂದೆ. "ಗುಳಿ ಹೋಗದೆ."

ದ್ಯಾವಕ್ಕ ಕೈ ಚಾಚಿದಳು. ಗೋಡೆ ಮುಟ್ಟಬಾರದು ಎಂಬ ಹಲಗೆಯನ್ನು ನಾನೇ ಬರೆಸಿ ಹಾಕಿದ್ದೆ. ಅವಳ ತೋರುಬೆರಳನ್ನು ಹಿಡಿದು ಆ ಕೆನ್ನೆಯ ಮೇಲಿಟ್ಟೆ. ಅವಳು ಒತ್ತಿದಳು, ತಿಕ್ಕಲಿಲ್ಲ. ಬೆರಳಿನ ತುದಿ ತೂತಿನೊಳಗೆ ಇಳಿದು ನಿಂತಿತು. ತುಂಬಾ ಹೊತ್ತು ಹಾಗೇ ಇದ್ದಳು. ಬೈಯುತ್ತಾಳೆ ಎಂದು ಕಾದೆ; ಮಣ್ಣು ತೂರಲಿ, ಶಪಿಸಲಿ ಎಂದು ಕಾದೆ.

"ಹೋದ್ ದೀಪಾವಳಿ ಗಂಟ ನಂಗೆ ಕಣ್ಣಿತ್ತು ಕಣಪ್ಪ" ಎಂದಳು.

"ಗೊತ್ತವ್ವ" ಎಂದೆ.